ಗಾಳಿಪಟ ಕಟ್ಟುವ ಕೈಗೆ ವಜ್ರಾಕೃತಿ ಯಾಕೆ ಬರಲ್ಲ?

ಕಳೆದ ಆಷಾಢದಲ್ಲಿ ಊರಿಗೆ ಹೋಗಿದ್ದೆ. ನಮ್ಮದು ಕೋಲಾರ ತಾಲೂಕಿನ ವಕ್ಕಲೇರಿ ಕಡೆಯ ಹಳ್ಳಿ. ಮಾರ್ಕಂಡೇಶ್ವರ ಬೆಟ್ಟದ ಕಡೆಯಿಂದ ಗಾಳಿ ಭರ್ರೋ ಅಂತ ಬೀಸ್ತಿತ್ತು. ಬಯಲ ತುಂಬಾ ಹುಡುಗರು, ಮೇಲೆಲ್ಲಾ ಗಾಳಿಪಟ. ಕಾಫಿ ಕುಡಿದು ಜಗಲಿ ಮೇಲೆ ಕೂತಿದ್ದೆ. ಚಿಕ್ಕಪ್ಪನ ಮಗಳು, ಅಂದರೆ ನನ್ನ ತಂಗಿ, ಒಂದು ಪ್ಲಾಸ್ಟಿಕ್ ಕವರ್ ತಂದು ಕೈಗಿಟ್ಟಳು.

"ಅಣ್ಣಾ, ಇದ್ರಲ್ಲಿ ಏನ್ ಬರ್ದವ್ರೆ ಸ್ವಲ್ಪ ನೋಡಣ್ಣಾ. ಎಲ್ಲಾ ಇಂಗ್ಲೀಷಲ್ಲೈತೆ. ನನ್ ಮಗ ದಡ್ಡ ಅಂತಾನಾ?"

ಅವಳ ಮಗ ಮೂರನೇ ಕ್ಲಾಸು, ಎಂಟೂವರೆ ವರ್ಷ. ಬಾಯಲ್ಲಿ ಕೇಳಿದರೆ ಎಲ್ಲಾ ಹೇಳ್ತಾನೆ, ಬರಿ ಅಂದರೆ ಮುಖ ಸಣ್ಣಗೆ ಮಾಡ್ಕೋತಾನೆ. ಬರೆದದ್ದು ಗೆರೆ ಬಿಟ್ಟು ಮೇಲೆ ಕೆಳಗೆ ಓಡುತ್ತೆ, ಒತ್ತಕ್ಷರ ಎಲ್ಲೋ ಹೋಗಿ ಕೂರುತ್ತೆ. ಶಾಲೆಯವರು ಹೇಳಿದರು ಅಂತ ಬೆಂಗಳೂರಿಗೆ ಕರಕೊಂಡು ಹೋಗಿ ಪರೀಕ್ಷೆ ಮಾಡಿಸಿದ್ದಾರೆ. ನಾಲ್ಕು ಪುಟದ ವರದಿ. ದೃಷ್ಟಿ, ಶ್ರವಣ ಸರಿ ಇದೆ. ಬುದ್ಧಿಮಟ್ಟ ವಯಸ್ಸಿಗೆ ತಕ್ಕಂತೆ ಇದೆ. ಆದರೆ 'ವಿಶುವಲ್ ಮೋಟಾರ್' ಅನ್ನೋ ಕಡೆ ಮಾತ್ರ ಆರು ವರ್ಷದ ಮಗುವಿನ ಮಟ್ಟ. ಜೊತೆಗೆ ಹುಡುಗ ಬರೆದ ಚಿತ್ರಗಳ ಜೆರಾಕ್ಸ್. ಅದರಲ್ಲಿ ಒಂದು ವಜ್ರಾಕೃತಿ. ಅದೇ, ಗಣಿತದ ಪುಸ್ತಕದಲ್ಲಿ ಬರುತ್ತಲ್ಲ, ಚೌಕವನ್ನು ಮೂಲೆ ಮೇಲೆ ನಿಲ್ಲಿಸಿದ ಹಾಗೆ ಇರೋದು. ಹುಡುಗ ಬರೆದದ್ದಕ್ಕೆ ಎರಡು ಪಕ್ಕಕ್ಕೂ ಕಿವಿ ಬಂದಿತ್ತು, ಕೆಳಗಿನ ಮೂಲೆ ಕೂಡಿರಲೇ ಇಲ್ಲ.

ತಲೆ ಎತ್ತಿ ನೋಡ್ತೀನಿ, ಅದೇ ಹುಡುಗ ಎದುರಿನ ಕಟ್ಟೆ ಮೇಲೆ ಕೂತು ಗಾಳಿಪಟ ಮಾಡ್ತಿದ್ದಾನೆ! ಹಳೇ ಪೇಪರನ್ನು ಮಡಿಚಿ, ಉಗುರಲ್ಲಿ ಗೀರಿ, ಹರಿದು ಸರಿಯಾಗಿ ಚೌಕ ಮಾಡಿಕೊಂಡ. ತೆಂಗಿನ ಕಡ್ಡಿಯನ್ನು ಬಿಲ್ಲಿನ ಹಾಗೆ ಬಗ್ಗಿಸಿದ, ಅನ್ನದಲ್ಲಿ ಅಂಟಿಸಿದ, ಎರಡೂ ಕಡೆ ತೂಕ ಸಮ ಇದೆಯಾ ಅಂತ ಬೆರಳ ಮೇಲೆ ನಿಲ್ಲಿಸಿ ನೋಡಿದ. ಕೈಯಲ್ಲಿದ್ದದ್ದು ಅಚ್ಚುಕಟ್ಟಾದ ವಜ್ರಾಕೃತಿ. ಕಾಗದದ ಮೇಲೆ ಅವನಿಗೆ ಬರದೇ ಹೋದದ್ದು ಅದೇ.

ಹಾಗಾದರೆ ಆ ಪರೀಕ್ಷೆ ಅಳೆದದ್ದು ಏನನ್ನ? ಈ ಪ್ರಶ್ನೆ ಹಿಡಿದು ಕೆಲವು ವಾರ ಓದಿದೆ. ಓದಿದ್ದನ್ನ ಇಲ್ಲಿ ಹಂಚಿಕೊಳ್ತಾ ಇದೀನಿ. ನಾನು ಡಾಕ್ಟರಲ್ಲ, ಮನಶ್ಶಾಸ್ತ್ರದ ಪಂಡಿತನೂ ಅಲ್ಲ. ಇತಿಹಾಸದ ಹುಚ್ಚು ಇರೋ ಸಾಮಾನ್ಯ ಓದುಗ ಅಷ್ಟೇ.

ಮೊದಲು ಈ ಪರೀಕ್ಷೆ ಏನು ಅಂತ ಹೇಳಿಬಿಡ್ತೀನಿ. ಮಗುವಿನ ಎದುರು ಒಂದು ಆಕೃತಿ ಇಡ್ತಾರೆ, ಪೆನ್ಸಿಲ್ ಕಾಗದ ಕೊಟ್ಟು "ಇದನ್ನ ನೋಡಿ ಹೀಗೇ ಬರಿ" ಅಂತಾರೆ. ಅಷ್ಟೇ. ಆದರೆ ಆ 'ಅಷ್ಟೇ'ಯಲ್ಲಿ ಮೂರು ಕೆಲಸ ಅಡಗಿದೆ. ಕಣ್ಣು ಆಕೃತಿಯನ್ನು ಸರಿಯಾಗಿ ಗ್ರಹಿಸಬೇಕು, ಕೈ ಹೇಳಿದ ಕಡೆ ಹೋಗಬೇಕು, ಇವೆರಡರ ನಡುವೆ ಹೊಂದಾಣಿಕೆ ಇರಬೇಕು. ಸಾಮಾನ್ಯವಾಗಿ ಮೂರು ವರ್ಷಕ್ಕೆ ವೃತ್ತ, ನಾಲ್ಕಕ್ಕೆ ಕೂಡಿಸುವ ಚಿಹ್ನೆ, ಐದರ ಹೊತ್ತಿಗೆ ಚೌಕ, ಆಮೇಲೆ ತ್ರಿಭುಜ, ಏಳರ ಸುಮಾರಿಗೆ ವಜ್ರಾಕೃತಿ ಬರುತ್ತೆ ಅಂತಾರೆ. ಓರೆ ಗೆರೆ ಮಕ್ಕಳಿಗೆ ಕಷ್ಟ. ನಿಂತ ಗೆರೆ, ಮಲಗಿದ ಗೆರೆ ಬಂದು ಎಷ್ಟೋ ದಿನದ ಮೇಲೆ ಅದು ಕೈಗೆ ಹತ್ತುತ್ತೆ. ನಿಮ್ಮ ಮನೆಯಲ್ಲಿ ಐದು ವರ್ಷದ ಮಗು ಇದ್ದರೆ ಒಂದ್ಸಲ ನೋಡಿ, ವಜ್ರಾಕೃತಿಗೆ ಕಿವಿ ಬರೋದು ಗ್ಯಾರಂಟಿ :)

ನೋಡಿ ಬರೆಯೋ ವಿಷಯದಲ್ಲಿ ನಮ್ಮೂರಿಗೆ ಒಂದು ಹಳೇ ನಂಟಿದೆ. ಬಾದಾಮಿ ಚಾಲುಕ್ಯರ ಕೊನೆಯ ಅರಸ ಎರಡನೇ ಕೀರ್ತಿವರ್ಮನ ಕ್ರಿ.ಶ. 757ರ ತಾಮ್ರಶಾಸನ ಸಿಕ್ಕಿದ್ದು ವಕ್ಕಲೇರಿಯಲ್ಲಿ. ಇತಿಹಾಸದ ಪುಸ್ತಕಗಳಲ್ಲಿ ಅದಕ್ಕೆ 'ವಕ್ಕಲೇರಿ ತಾಮ್ರಪಟ' ಅಂತಲೇ ಹೆಸರು. ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದೂ ಊರನ್ನು ಹಾಳುಮಾಡದೆ ಅಲ್ಲಿನ ರಾಜಸಿಂಹೇಶ್ವರ ದೇವಾಲಯಕ್ಕೆ ಚಿನ್ನವನ್ನು ಹಿಂದಿರುಗಿಸಿದ ಅಂತ ಅದು ಹೇಳುತ್ತೆ. ಇತಿಹಾಸಕಾರರು ಅದನ್ನು ಮತ್ತೆ ಮತ್ತೆ ಉಲ್ಲೇಖಿಸೋದು ಇದಕ್ಕೇ. ನನಗೆ ಕುತೂಹಲ ಕೆತ್ತಿದವನ ಕೈ ಮೇಲೆ. ತಾಮ್ರಪಟಗಳನ್ನು ಸಾಮಾನ್ಯವಾಗಿ ಒಬ್ಬ ಪಂಡಿತ ರಚಿಸ್ತಾನೆ, ಇನ್ನೊಬ್ಬ ಅದನ್ನು ನೋಡ್ಕೊಂಡು ತಗಡಿನ ಮೇಲೆ ಕೆತ್ತುತ್ತಾನೆ. ಕೆತ್ತುವವನಿಗೆ ಸಂಸ್ಕೃತ ಅರ್ಥವಾಗಬೇಕು ಅಂತೇನಿಲ್ಲ, ಆಕಾರ ಹಿಡಿದರೆ ಸಾಕು. ಹಾಗಾಗಿ ಎಷ್ಟೋ ಶಾಸನಗಳಲ್ಲಿ ಅಕ್ಷರ ಬಿಟ್ಟು ಹೋಗಿರುತ್ತೆ, ಎರಡು ಸಲ ಬಂದಿರುತ್ತೆ, ಒಂದರ ಬದಲು ಅದರ ಹಾಗೇ ಕಾಣೋ ಇನ್ನೊಂದು ಕೂತಿರುತ್ತೆ. ನನ್ನ ಸೋದರಳಿಯನ ನೋಟ್‌ಬುಕ್ಕಿನಲ್ಲಿರೋ ತಪ್ಪುಗಳೂ ಇವೇ. ವ್ಯತ್ಯಾಸ ಅಂದರೆ ಶಾಸನದ ತಪ್ಪನ್ನು ವಿದ್ವಾಂಸರು ಅಡಿಟಿಪ್ಪಣಿಯಲ್ಲಿ ತಿದ್ದಿ ಓದ್ಕೋತಾರೆ, ಇವನದಕ್ಕೆ ಕೆಂಪು ಇಂಕು.

'ತಿದ್ದುವುದು' ಅನ್ನೋ ಪದ ಗಮನಿಸಿದೀರಾ? ನಮ್ಮಲ್ಲಿ ತಪ್ಪನ್ನು ಸರಿಮಾಡೋದೂ ತಿದ್ದೋದೇ, ಬರೆದ ಅಕ್ಷರದ ಮೇಲೆ ಮತ್ತೆ ಮತ್ತೆ ಬೆರಳಾಡಿಸೋದೂ ತಿದ್ದೋದೇ. ಕೂಲಿಮಠದ ಕಾಲದಲ್ಲಿ ಮಗು ಮೊದಲು ತಿದ್ತಾ ಇದ್ದದ್ದು ಮರಳಲ್ಲಿ. ಅಕ್ಷರಾಭ್ಯಾಸದಲ್ಲಿ ಅಕ್ಕಿ ಮೇಲೆ ಬರೆಸೋದು ಈಗಲೂ ಇದೆ. 18ನೇ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥ ಹುಡುಗರ ಶಾಲೆ ನೋಡಿಕೊಳ್ತಿದ್ದ ಆಂಡ್ರ್ಯೂ ಬೆಲ್ ಅನ್ನೋ ಪಾದ್ರಿ ಇಲ್ಲಿನ ಮಕ್ಕಳು ಮರಳಲ್ಲಿ ಅಕ್ಷರ ಬರೆಯೋದನ್ನ ನೋಡಿ ತನ್ನ ಶಾಲೆಯಲ್ಲೂ ಅದನ್ನೇ ತಂದ. 1797ರಲ್ಲಿ ಅದರ ಬಗ್ಗೆ ಲಂಡನ್ನಿನಲ್ಲಿ ಪುಸ್ತಕ ಮಾಡಿದ. 'ಮದ್ರಾಸ್ ಪದ್ಧತಿ' ಅನ್ನೋ ಹೆಸರಲ್ಲಿ ಇಂಗ್ಲೆಂಡಿನ ಬಡವರ ಮಕ್ಕಳೂ ಮರಳಲ್ಲಿ ಬೆರಳಾಡಿಸಿದರು. ಮರಳಿನ ಗುಣ ಏನು ಅಂದ್ರೆ, ತಪ್ಪಿದರೆ ಅಂಗೈಯಲ್ಲಿ ಒಮ್ಮೆ ಸವರಿದರೆ ಸಾಕು, ತಪ್ಪು ಉಳಿಯಲ್ಲ. ಪೆನ್ಸಿಲ್ಲಿನ ತಪ್ಪು ಉಳಿಯುತ್ತೆ. ಪರೀಕ್ಷೆ ಮಾಡುವವರಿಗೆ ಬೇಕಾದದ್ದೂ ಅದೇ.

ಪರೀಕ್ಷೆಯ ಕಥೆ ಶುರುವಾಗೋದು ಫ್ರಾನ್ಸಿನಿಂದ. ಎಡುವಾರ್ ಸೆಗಾನ್ ಅನ್ನೋವನು ಬುದ್ಧಿಮಾಂದ್ಯ ಮಕ್ಕಳಿಗೆ ಕಲಿಸೋಕೆ ಆಗಲ್ಲ ಅಂತ ಎಲ್ಲರೂ ಕೈ ಬಿಟ್ಟಿದ್ದ 1830ರ ದಶಕದಲ್ಲಿ, ಕೈ ಮತ್ತು ಕಣ್ಣನ್ನು ಪಳಗಿಸಿ ಅವರಿಗೆ ಕಲಿಸಬಹುದು ಅಂತ ಹೊರಟ. ಆಮೇಲೆ ಅಮೆರಿಕಕ್ಕೆ ಹೋದ, 1866ರಲ್ಲಿ ತನ್ನ ವಿಧಾನದ ಬಗ್ಗೆ ದೊಡ್ಡ ಪುಸ್ತಕ ಬರೆದ. ಅವನ ಸಾಮಾನುಗಳಲ್ಲಿ ಒಂದು, ಆಕಾರ ಕೊರೆದ ಮರದ ಹಲಗೆ. ವೃತ್ತ, ಚೌಕ, ನಕ್ಷತ್ರ, ಅರ್ಧಚಂದ್ರ ಹೀಗೆ ತುಂಡುಗಳನ್ನು ಅವುಗಳ ಗುಂಡಿಯಲ್ಲಿ ಕೂರಿಸಬೇಕು. ಇವನ ವಿಚಾರಗಳನ್ನೇ ಮರಿಯಾ ಮಾಂಟೆಸ್ಸರಿ ಮುಂದುವರಿಸಿದರು. ಆಕೆಯ ಮಕ್ಕಳು ಮರಳು ಕಾಗದದ ಅಕ್ಷರಗಳ ಮೇಲೆ ಬೆರಳಾಡಿಸ್ತಿದ್ದರು. ಮತ್ತೆ ಮರಳು! ಆಕೆ ಎರಡನೇ ಮಹಾಯುದ್ಧದ ಕಾಲದಲ್ಲಿ ಬಂದು ನೆಲೆಸಿದ್ದೂ ಮದರಾಸಿನ ಅಡ್ಯಾರಿನಲ್ಲಿ. ಇರಲಿ, ಕಾಕತಾಳೀಯ. ಗಮನಿಸಬೇಕಾದ್ದು ಏನಂದರೆ, ಸೆಗಾನನ ಹಲಗೆ ಇದ್ದದ್ದು ಕಲಿಸೋಕೆ. ಅವನ ನಂತರದವರು ಕೈಗೆ ಗಡಿಯಾರ ತಗೊಂಡರು, ಎಷ್ಟು ಸೆಕೆಂಡಿಗೆ ಮುಗಿಸಿದ ಅಂತ ಬರೆದುಕೊಂಡರು. ಕಲಿಸೋ ಸಾಮಾನು ಅಳೆಯೋ ಸಾಮಾನಾಯ್ತು.

ವಜ್ರಾಕೃತಿ ಬರೋದು ಆಲ್‌ಫ್ರೆಡ್ ಬಿನೆಯಿಂದ. 1905ರಲ್ಲಿ ಪ್ಯಾರಿಸಿನಲ್ಲಿ ಮೊದಲ ಬುದ್ಧಿಪರೀಕ್ಷೆ ಮಾಡಿದವನು. ಯಾವ ಮಕ್ಕಳಿಗೆ ಶಾಲೆಯಲ್ಲಿ ಹೆಚ್ಚಿನ ಸಹಾಯ ಬೇಕು ಅಂತ ಕಂಡುಹಿಡಿಯೋದು ಅವನ ಉದ್ದೇಶ. ಪ್ರಶ್ನೆಗಳ ನಡುವೆ ಆಕೃತಿ ನಕಲು ಮಾಡೋದನ್ನೂ ಸೇರಿಸಿದ. ಅಮೆರಿಕದ ಟರ್ಮನ್ 1916ರಲ್ಲಿ ಅದನ್ನು ಪರಿಷ್ಕರಿಸಿದಾಗ ಚೌಕ ನಾಲ್ಕನೇ ವರ್ಷಕ್ಕೆ, ವಜ್ರಾಕೃತಿ ಏಳನೇ ವರ್ಷಕ್ಕೆ ಬಂತು. ನನ್ನ ಸೋದರಳಿಯನ ಕಿವಿ ಬಂದ ವಜ್ರಾಕೃತಿಗೆ ನೂರು ವರ್ಷದ ಹಿಂದೇನೇ ಅಂಕ ನಿಗದಿಯಾಗಿತ್ತು ಅನ್ನಿ.

ಇದು ಕನ್ನಡಕ್ಕೆ ಬಂದ ಕಥೆ ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ. ವಿ. ವಿ. ಕಾಮತ್ ಅನ್ನೋರು ಮುಂಬೈ ಕರ್ನಾಟಕದ ಧಾರವಾಡ ಭಾಗದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡೋ ಮಕ್ಕಳ ಮೇಲೆ ಬಿನೆ ಪರೀಕ್ಷೆಯನ್ನು ಪ್ರಯೋಗ ಮಾಡಿ, ಪ್ರಶ್ನೆಗಳನ್ನ ಬದಲಿಸಿ, ಕ್ರಮ ಹೊಂದಿಸಿ 1934ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1940ರಲ್ಲಿ ಪುಸ್ತಕ ಬಂತು. 'ಬಿನೆ-ಕಾಮತ್ ಪರೀಕ್ಷೆ' ಅಂತ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ಯೋಚಿಸಿ: ಭಾರತದ ಮಕ್ಕಳಿಗೆ ಅಂತ ಆದ ಮೊದಲ ಗಟ್ಟಿ ಪರೀಕ್ಷೆಗಳಲ್ಲಿ ಒಂದು ರೂಪುಗೊಂಡದ್ದು ಕನ್ನಡದಲ್ಲಿ! ಈ ಕಡೆ ಮೈಸೂರಿನಲ್ಲಿ, ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರ ಓದಿ ಬಂದ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗ ಶುರುಮಾಡಿದ್ದರು. (ಹೌದು, 1935ರಲ್ಲಿ ಮೈಸೂರಿನ ಮನೆಯಲ್ಲೇ 'ಆಕಾಶವಾಣಿ' ಶುರುಮಾಡಿದ ಗೋಪಾಲಸ್ವಾಮಿಗಳೇ.)

ಆದರೆ ಭಾಷೆಯ ಪ್ರಶ್ನೆಗಳಿಗೆ ಒಂದು ತೊಂದರೆ ಇದೆ, ಕೋಲಾರದವರಿಗೆ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲಿ, ಅದರಲ್ಲೂ ಮುಳಬಾಗಿಲು, ಶ್ರೀನಿವಾಸಪುರ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮಾಲೂರಿನಿಂದ ಆಚೆ ಹೋದರೆ ತಮಿಳೂ ಕಿವಿಗೆ ಬೀಳುತ್ತೆ. ಮನೆಯಲ್ಲಿ ಅಜ್ಜಿ ಹತ್ತಿರ ತೆಲುಗಲ್ಲಿ ಕಥೆ ಕೇಳೋ ಮಗುವಿಗೆ ಧಾರವಾಡದ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ? ಉತ್ತರ ಬರದಿದ್ದರೆ ಅದು ಬುದ್ಧಿಯ ಕೊರತೆಯೋ ಭಾಷೆಯ ಕೊರತೆಯೋ? ಅದಕ್ಕೇ ಮಾತಿಲ್ಲದ ಪರೀಕ್ಷೆಗಳ ಕಡೆ ಎಲ್ಲರ ಒಲವು. ಆಕೃತಿ ಎಲ್ಲರಿಗೂ ಒಂದೇ, ಚೌಕಕ್ಕೆ ಭಾಷೆ ಇಲ್ಲ ಅಂತ. ಉತ್ತರ ಪ್ರದೇಶದಲ್ಲಿ ಸಿ. ಎಂ. ಭಾಟಿಯಾ 1955ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಕೈ ಎತ್ತದೆ ಆಕೃತಿ ಎಳೆಯೋದೂ ಒಂದು. ನಮ್ಮ ಹೆಣ್ಣುಮಕ್ಕಳ ಎಳೆ ರಂಗೋಲಿ ನೆನಪಾಯ್ತು ನನಗೆ.

ಈ ಒಲವಿಗೆ ಕಿರೀಟ ಇಟ್ಟದ್ದು 1938ರಲ್ಲಿ ಬಂದ ಬೆಂಡರ್ ಪರೀಕ್ಷೆ. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಮನೋವೈದ್ಯೆ ಲೊರೆಟ್ಟಾ ಬೆಂಡರ್, ಜರ್ಮನಿಯ ಮ್ಯಾಕ್ಸ್ ವರ್ತೈಮರ್ 1923ರ ಲೇಖನದಲ್ಲಿ ಬಳಸಿದ್ದ ಆಕೃತಿಗಳಿಂದ ಒಂಬತ್ತನ್ನು ಆರಿಸಿ ಕಾರ್ಡ್ ಮಾಡಿದಳು. ವರ್ತೈಮರನ ಪ್ರಶ್ನೆ ಬೇರೆಯದು. ಸಾಲಾಗಿ ಚುಕ್ಕಿ ಇಟ್ಟರೆ ನಾವು ಯಾಕೆ ಚುಕ್ಕಿಗಳನ್ನು ನೋಡದೆ ಸಾಲನ್ನು ನೋಡ್ತೀವಿ ಅನ್ನೋದು. ಬೆಂಡರ್ ಅದನ್ನೇ ತಿರುಗಿಸಿ, ನೋಡಿದ್ದನ್ನು ಮಗು ಹೇಗೆ ಮರಳಿ ಕಟ್ಟುತ್ತೆ ಅಂತ ಕೇಳಿದಳು. ಚುಕ್ಕಿಗಳ ಸಾಲು, ಒಂದಕ್ಕೊಂದು ತಾಗಿದ ವೃತ್ತ ಮತ್ತು ವಜ್ರಾಕೃತಿ, ಒಂದನ್ನೊಂದು ದಾಟೋ ಅಲೆ ಗೆರೆಗಳು... ಎಲ್ಲವನ್ನೂ ಹೇಳಲ್ಲ, ಪರೀಕ್ಷೆಯ ಪ್ರಶ್ನೆಪತ್ರಿಕೆ ಬಯಲು ಮಾಡಿದ ಹಾಗಾಗುತ್ತೆ.

ಬೆಂಡರಳ ಬಗ್ಗೆ ಓದುವಾಗ ಒಂದು ಕಡೆ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ಚಿಕ್ಕವಳಿದ್ದಾಗ ಆಕೆ ಓದುವಾಗ, ಬರೆಯುವಾಗ ಅಕ್ಷರಗಳನ್ನು ತಿರುಗಾಮುರುಗಾ ಮಾಡ್ತಿದ್ದಳಂತೆ. ಒಂದನೇ ಕ್ಲಾಸನ್ನು ಮೂರು ಸಲ ಓದಿದಳಂತೆ. ಬುದ್ಧಿಮಾಂದ್ಯೆ ಅಂತಲೇ ಸುತ್ತಲಿನವರು ತಿಳಿದಿದ್ದರು. ಅಂಥ ಹುಡುಗಿ ಮುಂದೆ ಡಾಕ್ಟರಾಗಿ, ಲಕ್ಷಾಂತರ ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು 'ನೋಡಿ ಬರಿ' ಅನ್ನೋ ಪರೀಕ್ಷೆಯನ್ನು ಕೊಟ್ಟಳು. ಹಾಗಂತ ಆಕೆಯನ್ನು ದೇವತೆ ಮಾಡೋದು ಬೇಡ. 1940ರ ದಶಕದಲ್ಲಿ ಸಣ್ಣ ಮಕ್ಕಳಿಗೆ ವಿದ್ಯುತ್ ಆಘಾತದ ಚಿಕಿತ್ಸೆ ಕೊಟ್ಟವಳೂ ಆಕೆಯೇ. ಅದನ್ನು ಓದಿದರೆ ಹೊಟ್ಟೆ ತೊಳಸುತ್ತೆ.

ಬೆಂಡರಳ ಕಾರ್ಡುಗಳಿಗೆ ಮಕ್ಕಳ ಮಟ್ಟಿಗೆ ಲೆಕ್ಕದ ಕಟ್ಟು ಹಾಕಿಕೊಟ್ಟವಳು ಎಲಿಜಬೆತ್ ಕೊಪ್ಪಿಟ್ಸ್. 1960ರ ದಶಕದಲ್ಲಿ, ಐದರಿಂದ ಹತ್ತು ವರ್ಷದ ಮಕ್ಕಳಿಗೆ. ಆಕಾರ ಕೆಟ್ಟಿದೆಯಾ, ತಿರುಗಿದೆಯಾ, ಭಾಗಗಳು ಕೂಡಿಲ್ಲವಾ, ನಿಲ್ಲಿಸದೆ ಬರೀತಾ ಹೋಗಿದೆಯಾ ಅಂತ ಮೂವತ್ತು ಅಂಶ, ತಪ್ಪಿಗೆ ಒಂದೊಂದು ಅಂಕ. ಹೆಚ್ಚು ಅಂಕ ಬಂದರೆ ಕೆಟ್ಟದ್ದು, ನಮ್ಮ ಶಾಲೆ ಲೆಕ್ಕಕ್ಕೆ ಉಲ್ಟಾ. 1967ರಲ್ಲಿ ಕೀತ್ ಬೀರಿ ಇನ್ನೊಂದು ಪರೀಕ್ಷೆ ತಂದ. ಸುಲಭದಿಂದ ಕಷ್ಟಕ್ಕೆ ಏರೋ 24 ಆಕೃತಿ. ಬೀರಿಯವರ ಪರೀಕ್ಷೆಗೆ ಆಮೇಲೆ ಎರಡು ಬಾಲ ಸೇರಿದವು. ಬರೆಯದೇ ಬರೀ ಗುರುತಿಸೋದು ಒಂದು, ಬರೀ ಗೆರೆಯೊಳಗೆ ಕೈ ಓಡಿಸೋದು ಇನ್ನೊಂದು. ತೊಂದರೆ ಕಣ್ಣಿಂದೋ, ಕೈಯದೋ, ನಡುವಿನದೋ ಅಂತ ಬೇರ್ಪಡಿಸೋಕೆ. ನನ್ನ ಪ್ರಕಾರ ಈ ಇಡೀ ಇತಿಹಾಸದಲ್ಲಿ ನಡೆದ ಜಾಣತನದ ಕೆಲಸ ಅದು.

ಇನ್ನು ಎಡವಿದ ಕಥೆ. 1920ರ ದಶಕದಲ್ಲಿ ಸ್ಯಾಮ್ಯುಯಲ್ ಆರ್ಟನ್ ಅನ್ನೋ ಡಾಕ್ಟರು, ಓದೋಕೆ ಕಷ್ಟಪಡೋ ಮಕ್ಕಳು ಅಕ್ಷರವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ ನೋಡ್ತಾರೆ ಅಂದಿದ್ದ. ಹಾಗಾಗಿ ಓದು ಬರದಿರೋದು ಕಣ್ಣು-ಕೈ ಸಮಸ್ಯೆ ಅನ್ನೋ ನಂಬಿಕೆ ಬೇರುಬಿಟ್ಟಿತು. 60ರ ದಶಕದಲ್ಲಿ ಮರಿಯಾನ್ ಫ್ರಾಸ್ಟಿಗ್ ತರದವರು ಮಕ್ಕಳಿಂದ ಗೆರೆ ಎಳೆಸಿ, ಆಕಾರ ಗುರುತಿಸಿಸಿ, ಹಲಗೆ ಮೇಲೆ ಬ್ಯಾಲೆನ್ಸ್ ಮಾಡಿಸಿ ಓದು ಸುಧಾರಿಸ್ತೀವಿ ಅಂತ ಹೊರಟರು. 1983ರಲ್ಲಿ ಕವೇಲ್ ಮತ್ತು ಮ್ಯಾಟ್ಸನ್ ಅನ್ನೋ ಇಬ್ಬರು ಇಂಥ 180 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ಲೆಕ್ಕ ಮಾಡಿದರು. ಓದು ಬರಹದ ಮೇಲೆ ಆದ ಪರಿಣಾಮ ಹೆಚ್ಚುಕಮ್ಮಿ ಸೊನ್ನೆ! ಅಷ್ಟು ಹೊತ್ತಿಗೆ ಫ್ರಾಂಕ್ ವೆಲ್ಯುಟಿನೋ ಒಂದು ಚಂದದ ಪ್ರಯೋಗ ಮಾಡಿದ್ದ. ಓದು ಬಾರದ ಅಮೆರಿಕದ ಮಕ್ಕಳಿಗೆ, ಓದು ಬರೋ ಮಕ್ಕಳಿಗೆ, ಇಬ್ಬರಿಗೂ ಗೊತ್ತಿಲ್ಲದ ಹೀಬ್ರೂ ಅಕ್ಷರಗಳನ್ನು ತೋರಿಸಿ ನೆನಪಿನಿಂದ ಬರೆಯೋಕೆ ಹೇಳಿದ. ಇಬ್ಬರೂ ಒಂದೇ ತರ ಬರೆದರು. ಅಂದರೆ ಕಣ್ಣಲ್ಲಿ ಏನೂ ದೋಷ ಇಲ್ಲ, ತೊಡಕಿರೋದು ಅಕ್ಷರಕ್ಕೂ ದನಿಗೂ ಇರೋ ನಂಟಿನಲ್ಲಿ. ಈಗಲೂ ಯಾರಾದರೂ "ಈ ಆಕೃತಿ ದಿನಾ ಬರೆಸಿ, ಆರು ತಿಂಗಳಲ್ಲಿ ನಿಮ್ಮ ಮಗು ಓದುತ್ತೆ" ಅಂತ ದುಡ್ಡು ಕೇಳಿದರೆ ಈ ಪ್ಯಾರಾ ನೆನಪಿಸಿಕೊಳ್ಳಿ.

ಮತ್ತೆ ನಮ್ಮ ಕಡೆಗೆ ಬರೋಣ. ಸೆಗಾನನ ಮರದ ಹಲಗೆ ನೂರು ವರ್ಷ ದಾಟಿ ಮೈಸೂರಿಗೆ ಬಂದಿತ್ತು. ಮಾನಸಗಂಗೋತ್ರಿ ಪಕ್ಕದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಜೆ. ಭರತ್ ರಾಜ್ 1971ರಲ್ಲಿ ಇಲ್ಲಿನ ಮಕ್ಕಳಿಗೆ ಆ ಹಲಗೆ ಕೊಟ್ಟು, ಯಾವ ವಯಸ್ಸಿನವರು ಎಷ್ಟು ಸೆಕೆಂಡಿಗೆ ಮುಗಿಸ್ತಾರೆ ಅನ್ನೋ ಪಟ್ಟಿ ಪ್ರಕಟಿಸಿದರು. ಹತ್ತು ತುಂಡು, ಮೂರು ಅವಕಾಶ, ಅದರಲ್ಲಿ ಅತಿ ಕಡಿಮೆ ಸಮಯ ಲೆಕ್ಕಕ್ಕೆ. ಇದೇನು ಮಹಾ ಅನ್ನಬೇಡಿ. ಅಲ್ಲಿವರೆಗೆ ನಮ್ಮ ಮಗುವನ್ನು ಅಮೆರಿಕದ ಮಗುವಿನ ಗಡಿಯಾರದಲ್ಲಿ ಅಳೀತಿದ್ದರು. ಅಳತೆಗೋಲು ಎಲ್ಲಿಯದು ಅನ್ನೋದರ ಮೇಲೆ ಒಂದು ಮಗುವಿನ ಹಣೆಬರಹ ಬದಲಾಗುತ್ತೆ. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಳವಿಕಾ ಕಪೂರ್ ಮತ್ತು ಸಂಗಡಿಗರು 1991ರ ಹೊತ್ತಿಗೆ ಕಲಿಕಾ ನ್ಯೂನತೆ ಗುರುತಿಸೋ ಒಂದು ಪರೀಕ್ಷಾಗುಚ್ಛ ಸಿದ್ಧಮಾಡಿದರು. ಓದು, ಬರಹ, ಲೆಕ್ಕ, ಗಮನ, ನೆನಪು ಇವುಗಳ ಜೊತೆಗೆ ಕಣ್ಣು-ಕೈ ಹೊಂದಾಣಿಕೆಗೆ ಬೆಂಡರ್ ಮತ್ತು ಬೀರಿ ಪರೀಕ್ಷೆಗಳು. ಇಲ್ಲಿ 'ಜೊತೆಗೆ' ಅನ್ನೋ ಪದ ಮುಖ್ಯ. ಒಂದೇ ಪರೀಕ್ಷೆ ನೋಡಿ ತೀರ್ಪು ಕೊಡೋ ಹಾಗಿಲ್ಲ ಅಂತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದ ಮೇಲೆ ಇಂಥ ವರದಿಗಳ ತೂಕ ಇನ್ನೂ ಹೆಚ್ಚಾಯ್ತು.

ಇಷ್ಟಾದರೂ ಗಾಳಿಪಟದ ಪ್ರಶ್ನೆ ಹಾಗೇ ಉಳಿಯಿತಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ಆಫ್ರಿಕಾದಲ್ಲಿ! ರಾಬರ್ಟ್ ಸರ್ಪೆಲ್ ಅನ್ನೋ ಮನಶ್ಶಾಸ್ತ್ರಜ್ಞ 1979ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ. ಜಾಂಬಿಯಾದ ಮಕ್ಕಳು, ಇಂಗ್ಲೆಂಡಿನ ಮಕ್ಕಳು. ಆಕೃತಿಗಳನ್ನು ನೋಡಿ ಪೆನ್ಸಿಲ್ಲಿನಲ್ಲಿ ಬರೆಯೋಕೆ ಹೇಳಿದಾಗ ಇಂಗ್ಲೆಂಡಿನವರು ಮುಂದೆ. ತಂತಿ ಬಗ್ಗಿಸಿ ಮಾಡಿ ಅಂದಾಗ ಜಾಂಬಿಯಾದವರು ಮುಂದೆ. ಅಲ್ಲಿನ ಹುಡುಗರು ತಂತಿಯಲ್ಲಿ ಕಾರು ಮಾಡಿಕೊಂಡೇ ಆಡೋದು. ಜೇಡಿಮಣ್ಣು ಕೊಟ್ಟಾಗ ಇಬ್ಬರೂ ಸಮ. ಒಂದೇ ಕಣ್ಣು, ಒಂದೇ ತಲೆ, ಕೈಗೆ ಕೊಟ್ಟ ವಸ್ತು ಬದಲಾದ ಹಾಗೆ ಗೆದ್ದವರು ಬದಲಾದರು. ಚೌಕಕ್ಕೆ ಭಾಷೆ ಇಲ್ಲದಿರಬಹುದು, ಪೆನ್ಸಿಲ್ಲಿಗೆ ಇದೆ.

ಅದಕ್ಕೂ ಮುಂಚೆ, 1931-32ರಲ್ಲಿ ರಷ್ಯಾದ ಲೂರಿಯಾ ಉಜ್ಬೇಕಿಸ್ತಾನದಲ್ಲಿ ಓದು ಬಾರದ ಹಳ್ಳಿ ಹೆಂಗಸರಿಗೆ ವೃತ್ತ ತೋರಿಸಿದಾಗ ಅವರು ವೃತ್ತ ಅನ್ನಲಿಲ್ಲ. ತಟ್ಟೆ ಅಂದರು, ಜರಡಿ ಅಂದರು, ಚಂದ್ರ ಅಂದರು. ಇದನ್ನು ಓದಿದ ಮೇಲೆ ನಾನೇ ಒಂದು ತಮಾಷೆ ಮಾಡಿ ನೋಡಿದೆ. ಸೋದರಳಿಯನ ಅಕ್ಕನಿಗೆ (ಹನ್ನೊಂದು ವರ್ಷ, ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಅವಳದ್ದೇ) ಒಂದು ಹಾಳೆಯಲ್ಲಿ ಸಾಲಾಗಿ ಚುಕ್ಕಿ ಇಟ್ಟು ಕೊಟ್ಟು, "ಹೀಗೇ ಬರಿಯಮ್ಮ" ಅಂದೆ. ಚುಕ್ಕಿ ಇಟ್ಟಳು, ಆಮೇಲೆ ನಾನು ಏನನ್ನೋದರೊಳಗೆ ಅವುಗಳ ಸುತ್ತ ಎಳೆ ಸುತ್ತಿ ಬಳ್ಳಿ ಮಾಡಿಬಿಟ್ಟಳು. "ಚುಕ್ಕಿ ಇಟ್ಮೇಲೆ ಸುಮ್ನೆ ಬಿಡ್ತಾರಾ ಮಾವಾ?" ಅಂದಳು. ಕೊಪ್ಪಿಟ್ಸ್ ಇದಕ್ಕೆ ಎಷ್ಟು ಅಂಕ ಕೊಡ್ತಿದ್ದಳೋ!

ಇದು ಬರೀ ತಮಾಷೆ ಅಲ್ಲ. ನಮ್ಮ ಕಡೆ ರೇಷ್ಮೆ ಸಾಕೋ ಮನೆಗಳಲ್ಲಿ ಹುಳ ಹಣ್ಣಾಗೋ ದಿನ ಮಕ್ಕಳೂ ಕೈ ಹಾಕ್ತಾರೆ. ಸಾವಿರಾರು ಹುಳಗಳಲ್ಲಿ ಯಾವುದು ಹಣ್ಣಾಗಿದೆ ಅಂತ ಮೈ ಬಣ್ಣದಲ್ಲೇ ಗುರುತಿಸಿ, ಎರಡು ಬೆರಳಲ್ಲಿ ನೋಯದ ಹಾಗೆ ಎತ್ತಿ ಚಂದ್ರಿಕೆಗೆ ಬಿಡಬೇಕು. ಕಣ್ಣು-ಕೈ ಹೊಂದಾಣಿಕೆಗೆ ಇದಕ್ಕಿಂತ ಕಠಿಣ ಪರೀಕ್ಷೆ ಯಾವ ಡಬ್ಬಿಯಲ್ಲಿದೆ ಹೇಳಿ? ಆದರೆ ನನ್ನ ವಾದವನ್ನು ನಾನೇ ಅತಿ ಮಾಡಬಾರದು. ಶಾಲೆಯಲ್ಲಿ ಬೇಕಾಗಿರೋದು ಪೆನ್ಸಿಲ್ಲಿನ ಕೈಯೇ. ಗಾಳಿಪಟ ಕಟ್ಟೋಕೆ ಬರುತ್ತೆ ಅಂತ ಬರಹದ ಕಷ್ಟ ಮಾಯವಾಗಲ್ಲ. ಅವನಿಗೆ ನಿಜವಾಗಲೂ ಕಷ್ಟ ಇದೆ, ಪರೀಕ್ಷೆ ಅದನ್ನು ಸರಿಯಾಗೇ ಹಿಡಿದಿದೆ. 'ಆರು ವರ್ಷದ ಮಟ್ಟ' ಅನ್ನೋದನ್ನ ಪೆನ್ಸಿಲ್ಲಿಗೆ ಹೇಳಿದ್ದು ಅಂತ ಓದದೆ ಹುಡುಗನಿಗೇ ಹೇಳಿದ್ದು ಅಂತ ಓದಿದರೆ ಮಾತ್ರ ಅನ್ಯಾಯ.

ನಮ್ಮ ಲಿಪಿಯೂ ಸುಲಭದ್ದಲ್ಲ ನೋಡಿ. ಇಂಗ್ಲೀಷಿನ ಬಿ-ಡಿ ತರ ಕನ್ನಡಿಯಲ್ಲಿ ತಿರುಗಿಸಿದಂಥ ಸಣ್ಣಕ್ಷರಗಳ ಕಾಟ ನಮಗಿಲ್ಲ, ಆದರೆ ಗುಂಡಗಿನ ಒಡಲುಗಳಲ್ಲಿ ಒಂದು ಚೂರು ವ್ಯತ್ಯಾಸ. ವ-ಮ, ಪ-ಷ, ದ-ಧ, ಬ-ಭ. ಹೊಟ್ಟೆ ಸೀಳಿದರೆ ಬೇರೆ ಅಕ್ಷರ. ತಲಕಟ್ಟು, ಗುಡಿಸು, ಕೊಂಬು ಮೇಲೆ ಪಕ್ಕ ಎಲ್ಲಾ ಕಡೆ, ಒತ್ತು ಕೆಳಗೆ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕನ್ನಡ ಮಕ್ಕಳು ಅಕ್ಷರಗಳನ್ನು ಪೂರ್ತಿ ಕೈವಶ ಮಾಡ್ಕೊಳ್ಳೋದು ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತೆ ಅನ್ನೋದು ಕಂಡುಬಂತು. ಅಂದರೆ ಮೂರನೇ ಕ್ಲಾಸಿನ ಹುಡುಗ ಇನ್ನೂ ದಾರಿಯಲ್ಲೇ ಇದ್ದಾನೆ. ಇದನ್ನು ನಮ್ಮ ಮೇಷ್ಟ್ರುಗಳು ಮೊದಲೇ ಕಂಡುಕೊಂಡಿದ್ದರು ಅನ್ಸುತ್ತೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ 'ನಲಿ-ಕಲಿ'ಯಲ್ಲಿ ಅ ಆ ಇ ಈ ಬಿಟ್ಟು ರ ಗ ಸ ದ ಅ ಅಂತ, ಕೈಗೆ ಸುಲಭವಾದ, ಒಂದರಿಂದ ಇನ್ನೊಂದು ಹುಟ್ಟೋ ಆಕಾರಗಳಿಂದ ಶುರುಮಾಡ್ತಾರೆ. 'ರ' ಬಂದರೆ 'ಗ' ಬಂತು, 'ಸ' ಬಂತು. ಅದಕ್ಕೆ ಸ್ಫೂರ್ತಿ ಆದದ್ದು ನಮ್ಮ ಜಿಲ್ಲೆಯ ಗಡಿಯಾಚೆ ಮದನಪಲ್ಲಿಯ ರಿಷಿವ್ಯಾಲಿ ಶಾಲೆಯವರು ಸುತ್ತಲ ಹಳ್ಳಿಗಳಿಗೆ ಮಾಡಿದ ಕಾರ್ಡುಗಳು. ಶ್ರೀನಿವಾಸಪುರದಿಂದ ಕೂಗಳತೆ ದೂರ ಅನ್ನಬಹುದು, ಮೈಸೂರು ಸುತ್ತಿಕೊಂಡು ನಮಗೆ ಬಂತು!

ಆ ಸಂಜೆ ವರದಿಯ ಕೊನೆಯ ಪುಟವನ್ನು ತಂಗಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅದನ್ನು ಬರೆದವರು ಒಳ್ಳೆಯವರು. ಸೆಗಾನ್ ಹಲಗೆಯನ್ನು ಹುಡುಗ ವಯಸ್ಸಿಗಿಂತ ಬೇಗ ಮುಗಿಸಿದ ಅಂತ ಗುರುತು ಹಾಕಿದ್ದರು. ಬರೆಯೋಕೆ ಹೆಚ್ಚು ಸಮಯ ಕೊಡಿ, ದಪ್ಪ ಪೆನ್ಸಿಲ್ ಕೊಡಿ, ಬೋರ್ಡಿಂದ ನಕಲು ಮಾಡೋದು ಕಡಿಮೆ ಮಾಡಿ, ಉತ್ತರ ಬಾಯಲ್ಲಿ ಕೇಳಿ, ಒಂದು ವರ್ಷ ಬಿಟ್ಟು ಮತ್ತೆ ಕರಕೊಂಡು ಬನ್ನಿ. ಇಷ್ಟನ್ನೂ ಇಂಗ್ಲೀಷಿನಲ್ಲಿ ಬರೆದು ಕನ್ನಡವಷ್ಟೇ ಓದಬಲ್ಲ ತಾಯಿಯ ಕೈಗೆ ಕೊಟ್ಟು ಕಳಿಸಿದ್ದರು. ಮೂರು ತಿಂಗಳು ಆ ಕವರ್ ಬೀರುವಿನಲ್ಲಿ ಸೀರೆ ಕೆಳಗೆ ಇತ್ತಂತೆ, ಯಾರಿಗಾದರೂ ತೋರಿಸಿದರೆ ಮಾನ ಹೋಗುತ್ತೆ ಅಂತ.

"ಹಂಗಾರೆ ದಡ್ಡ ಅಲ್ವಾ ಅಣ್ಣಾ?"

"ಅಲ್ಲಮ್ಮಾ. ಎಲ್ಲೂ ಹಂಗೆ ಬರ್ದಿಲ್ಲ."

ಸೆರಗಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಕೊನೆಯ ಪುಟವನ್ನು ಕನ್ನಡಕ್ಕೆ ಮಾಡಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಮುಂದಿನ ವಾರ ಅವಳಿಗೊಂದು, ಅವನ ಮೇಷ್ಟ್ರಿಗೊಂದು ಕಳಿಸಿದೆ. ಹುಡುಗನ ಗಾಳಿಪಟ ಅವತ್ತು ಎರಡು ಸಲ ಗಿರಕಿ ಹೊಡೆದು ಬಿತ್ತು, ಬಾಲ ಉದ್ದ ಮಾಡಿದ ಮೇಲೆ ಬೆಟ್ಟದ ಕಡೆ ಏರಿತು. ದಾರ ಸಾಲದೆ ನನ್ನ ಹತ್ತಿರ ಇಪ್ಪತ್ತು ರೂಪಾಯಿ ಇಸ್ಕೊಂಡು ಅಂಗಡಿಗೆ ಓಡಿದ.